ಕಾಯುವ ಜೀಪು, ಕಾಯುವ ಸಂಸಾರ

ಎಕ್ಸ್‌ಜೆ ಎಂದು ಕರೆಯುವ ಜೀಪ್ ಚೆರೋಕಿ 1984ರ ಮಾದರಿಯಿಂದ 2001ರ ಮಾದರಿಯವರೆಗೆ ಅಮೆರಿಕದಲ್ಲಿ ಮಾರಾಟವಾಯಿತು. 1987ರಿಂದ ಅದಕ್ಕೆ ಬಂದ ನಾಲ್ಕು ಲೀಟರಿನ, ಆರು ಸಿಲಿಂಡರಿನ ಇಂಜಿನ್ನು ಗಟ್ಟಿಪಿಂಡ. ಅದನ್ನು ತಂಪಾಗಿಡುವ ಸಲಕರಣೆಗಳು ಅಷ್ಟು ಗಟ್ಟಿಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಸಂಸಾರದಲ್ಲಿ ಈ ಗಾಡಿ ಸಾಮಾನ್ಯವಾಗಿ ಮೂರನೆಯದು. ಮೊದಲನೆಯದು ಆಫೀಸಿಗೆ, ಎರಡನೆಯದು ಮಕ್ಕಳ ಸಂಗೀತ, ಈಜು, ಗಣಿತದ ಕ್ಲಾಸಿಗೆ, ಮೂರನೆಯದು ಯಜಮಾನರ ಹಟಕ್ಕೆ. ಕೊಳ್ಳುವಾಗ ಹೇಳುವ ಕಾರಣ ಮರುಭೂಮಿಯ ಕಲ್ಲುದಾರಿ. ಕೊಂಡ ಮೇಲೆ ಅದು ಕಾಣುವ ಅತಿ ದುರ್ಗಮ ಪ್ರದೇಶವೆಂದರೆ ಕನ್ನಡ ಸಂಘದ ಗಣೇಶೋತ್ಸವದ ದಿನ ಹುಲ್ಲಿನ ಮೇಲೆ ಮಾಡಿಕೊಟ್ಟ ಪಾರ್ಕಿಂಗ್ ಜಾಗ.

ಇಂಜಿನ್ ತಂಪಾಗುವ ಬಗೆ ಸರಳ. ಸುಮಾರು 11 ಲೀಟರ್ ಕೂಲೆಂಟನ್ನು ಪಂಪು ಇಂಜಿನ್ನಿನೊಳಗೆ ಓಡಾಡಿಸುತ್ತದೆ. ಅದು ಸುಮಾರು 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥರ್ಮೋಸ್ಟಾಟ್ ಬಾಯಿ ತೆರೆದು ರೇಡಿಯೇಟರಿಗೆ ದಾರಿ ಬಿಡುತ್ತದೆ. ಅಲ್ಲಿ ಗಾಳಿಗೆ ಆರಿ ವಾಪಸು ಬರುತ್ತದೆ. ಗಾಳಿ ಎಳೆಯಲು ಎರಡು ಫ್ಯಾನು: ಒಂದು ಇಂಜಿನ್ನಿನ ಜೊತೆಗೇ ತಿರುಗುವುದು, ಇನ್ನೊಂದು ಕರೆಂಟಿನದು. ರೇಡಿಯೇಟರಿನ ಮೇಲಿನ ಮುಚ್ಚಳದ ಕೆಲಸ ಒತ್ತಡ ಹಿಡಿದಿಡುವುದು. ಅರ್ಧ ನೀರು, ಅರ್ಧ ಕೂಲೆಂಟ್ ಬೆರೆಸಿದ ದ್ರವ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸರಿಯಾಗಿದ್ದರೆ 125 ದಾಟಿದರೂ ಕುದಿಯದು. ಊರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದ ಪ್ರೆಶರ್ ಕುಕ್ಕರಿನ ಲೆಕ್ಕವೇ ಇಲ್ಲಿಯದೂ. ಹಬೆ ಇಳಿಯುವ ಮುನ್ನ ಕುಕ್ಕರು ತೆರೆಯಬಾರದೆಂದು ಮನೆಯ ಸಣ್ಣ ಮಗುವಿಗೂ ಗೊತ್ತು. ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಲು ಕೈ ಚಾಚುವವರು ಮಾತ್ರ ಎಂಜಿನಿಯರಿಂಗ್ ಓದಿದ ಯಜಮಾನರೇ.

ಸೋರಿಕೆಯ ಮೊದಲ ಗುರುತು ಬೆಳಗ್ಗೆ ಡ್ರೈವ್‌ವೇ ಮೇಲೆ ಕಾಣುವ ಹಸಿರು ಕಲೆ. ಆರು ತಿಂಗಳಿಗೆಂದು ಊರಿನಿಂದ ಬಂದ ಅತ್ತೆಯವರು ಅಲ್ಲೇ ಪಕ್ಕದಲ್ಲಿ ರಂಗೋಲಿ ಹಾಕಿರುವುದರಿಂದ, ಬಡಾವಣೆಯ ಸಂಘದಿಂದ ನೋಟಿಸು ಬಂದಾಗ ಅದು ಯಾವುದರ ಮೇಲಿನ ದೂರು ಎಂಬ ಜಿಜ್ಞಾಸೆ ಏಳುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಲೆಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯೆಂದು ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ. ಬಿದ್ದದ್ದನ್ನು ಕೂಡಲೇ ಒರೆಸಬೇಕು, ಮಕ್ಕಳನ್ನು ದೂರವಿಡಬೇಕು, ಹಳೆಯದನ್ನು ಚರಂಡಿಗೆ ಚೆಲ್ಲಬಾರದು.

ಎಲ್ಲಿಂದ ಸೋರುತ್ತಿದೆ ಎಂದು ತಿಳಿಯಲು ರಾತ್ರಿ ಗಾಡಿಯಡಿ ರಟ್ಟು ಹಾಸಬೇಕು. ಮನೆ ಬದಲಿಸುವಾಗ ಬೇಕಾದೀತೆಂದು ಗರಾಜಿನಲ್ಲಿ ಕಾಪಾಡಿಕೊಂಡ ಟೀವಿಯ ರಟ್ಟಿನ ಪೆಟ್ಟಿಗೆಗೆ ಕೊನೆಗೂ ಒಂದು ಉಪಯೋಗ ಸಿಗುತ್ತದೆ. ಕಲೆ ಮುಂದಿದ್ದರೆ ರೇಡಿಯೇಟರು: ಅದರ ಪಕ್ಕದ ಪ್ಲಾಸ್ಟಿಕ್ ತೊಟ್ಟಿಗಳು ಅಲ್ಯೂಮಿನಿಯಂ ನಡುಭಾಗವನ್ನು ಕೂಡುವ ಅಂಚಿನಲ್ಲಿ ವಯಸ್ಸಾದಂತೆ ಬಿಟ್ಟುಕೊಳ್ಳುತ್ತವೆ. ಸ್ವಲ್ಪ ಹಿಂದಿದ್ದರೆ ಪಂಪು: ಅದರ ಅಡಿಯ ಸಣ್ಣ ತೂತಿನಿಂದ ಹನಿ ಬಿದ್ದರೆ ಒಳಗಿನ ಸೀಲು ಹೋಗಿದೆ ಎಂದರ್ಥ. ಇನ್ನೂ ಹಿಂದಿದ್ದರೆ ಹೀಟರಿನ ಕೊಳವೆ, ಅಥವಾ ಅದರ ನಡುವಿನ ಪ್ಲಾಸ್ಟಿಕ್ ವಾಲ್ವು. 1987ರಿಂದ 1990ರವರೆಗಿನ ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಒತ್ತಡವನ್ನೆಲ್ಲ ಒಂದು ಪ್ಲಾಸ್ಟಿಕ್ ಬಾಟಲಿ ಹೊರುತ್ತದೆ, ಹೊತ್ತು ಹೊತ್ತು ಬಿರಿಯುತ್ತದೆ.

ರಟ್ಟಿನ ಮೇಲೆ ಏನೂ ಬೀಳದೆ ಕೂಲೆಂಟ್ ಕಡಿಮೆಯಾಗುವುದೂ ಉಂಟು. ಆಗ ಡ್ರೈವರಿನ ಪಕ್ಕದ ಸೀಟಿನವರು ಕಾಲಿಡುವ ಜಾಗದ ಕಾರ್ಪೆಟ್ಟು ಮುಟ್ಟಿ ನೋಡಬೇಕು. ಅದು ಒದ್ದೆಯಾಗಿ, ಗಾಜು ಒಳಗಿಂದ ಮಂಜುಗಟ್ಟಿ, ಗಾಡಿಯೊಳಗೆ ಸಿಹಿ ವಾಸನೆ ಕವಿದಿದ್ದರೆ ಹೀಟರ್ ಕೋರು ಸೋರುತ್ತಿದೆ. ಈ ಹಂತದಲ್ಲಿ ಸಂಶಯ ಮೊದಲು ಬೀಳುವುದು ಕೇಸರಿಬಾತಿನ ಡಬ್ಬಿಯ ಮೇಲೆ. ಆಮೇಲೆ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರ ಮೇಲೆ. ಡಬ್ಬಿ ನಿರ್ದೋಷಿ ಎಂದು ಸಾಬೀತಾಗುವಷ್ಟರಲ್ಲಿ ಮನೆಯಲ್ಲಿ ಮಾತು ನಿಂತಿರುತ್ತದೆ. ಹೀಟರ್ ಕೋರು ಅಗ್ಗ. ಅದನ್ನು ತಲುಪಲು ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಅಲ್ಲಿ ಅಂಟಿಸಿದ ಪುಟ್ಟ ಗಣಪತಿಯಿಂದ ಕೆಲಸ ಶುರುವಾಗುತ್ತದೆ.

ಖಚಿತ ಪರೀಕ್ಷೆ ಬೇಕಿದ್ದರೆ ಕೈಪಂಪಿನ ಪ್ರೆಶರ್ ಟೆಸ್ಟರು ಇದೆ. ಇಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟು, ಅಂದರೆ ಸುಮಾರು 16 ಪಿಎಸ್‌ಐ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಬೇಕು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಬಿಡಿಭಾಗದ ಅಂಗಡಿಗಳು ಇದನ್ನು ಠೇವಣಿಯ ಮೇಲೆ ಕೊಟ್ಟು, ಹಿಂದಿರುಗಿಸಿದಾಗ ಠೇವಣಿಯನ್ನು ಪೂರ್ತಿ ವಾಪಸು ಮಾಡುತ್ತವೆ. ಪುಕ್ಕಟೆ ಎಂದು ತಿಳಿದ ಮೇಲೆ ಯಜಮಾನರು ಅಕ್ಕಪಕ್ಕದ ಕನ್ನಡಿಗರ ಕಾರುಗಳನ್ನೂ ಕರೆದು ಪರೀಕ್ಷಿಸುತ್ತಾರೆ.

ತೇಪೆ ಚಿಕಿತ್ಸೆಗೆ ಎರಡೂ ದೇಶಗಳಲ್ಲಿ ಪರಂಪರೆಯಿದೆ. ಅಮೆರಿಕದ ಹಳಬರು ರೇಡಿಯೇಟರಿಗೆ ಕರಿಮೆಣಸಿನ ಪುಡಿ ಹಾಕುತ್ತಿದ್ದರು, ಮೊಟ್ಟೆ ಒಡೆಯುತ್ತಿದ್ದರು. ನಮ್ಮ ಲಾರಿ ಡ್ರೈವರುಗಳದ್ದು ಅರಿಶಿನ. ಇದನ್ನು ಬಲ್ಲ ಮಾವನವರು ಕೆಇಬಿಯಿಂದ ನಿವೃತ್ತರಾದವರಾಗಿದ್ದರೆ ಸಾಂಬಾರ ಪದಾರ್ಥಗಳ ಡಬ್ಬಿ ಗರಾಜಿಗೆ ಬರುವುದು ಖಂಡಿತ. ಪುಡಿ ಸಣ್ಣ ತೂತನ್ನು ತಾತ್ಕಾಲಿಕವಾಗಿ ಮುಚ್ಚುವುದು ನಿಜ. ಆದರೆ ಅದಕ್ಕೆ ಬೇಕಾದ ತೂತು, ಬೇಡದ ತೂತು ಎಂಬ ಭೇದವಿಲ್ಲ. ರೇಡಿಯೇಟರಿನ, ಹೀಟರಿನ ಸಣ್ಣ ನಾಳಗಳಲ್ಲೂ ಕಟ್ಟಿಕೊಳ್ಳುತ್ತದೆ. ಅಂಗಡಿಯ ಸೀಸೆಯಲ್ಲಿ ಬರುವ ಸೋರಿಕೆ ನಿವಾರಕಕ್ಕೂ ಇದೇ ಮಾತು.

ಸೋರಿಕೆಯಿಲ್ಲದೆಯೂ ಇಂಜಿನ್ ಕಾಯುವುದುಂಟು. ಯಾವಾಗ ಕಾಯುತ್ತದೆ ಎಂಬುದೇ ಅರ್ಧ ಉತ್ತರ. ಟ್ರಾಫಿಕ್ಕಿನಲ್ಲಿ ಕಾದು, ಓಡುವಾಗ ತಣಿದರೆ ಫ್ಯಾನಿನ ದೋಷ: ಏಸಿ ಹಾಕಿದ ಕೂಡಲೇ ಕರೆಂಟಿನ ಫ್ಯಾನು ತಿರುಗಬೇಕು, ಇಂಜಿನ್ ಆರಿಸಿದಾಗ ಇನ್ನೊಂದು ಫ್ಯಾನು ಕೈಗೆ ಸ್ವಲ್ಪ ತಡೆ ಕೊಡಬೇಕು, ಗಿರಗಿರನೆ ತಿರುಗಿದರೆ ಅದರ ಕ್ಲಚ್ಚು ಸತ್ತಿದೆ. ಹೈವೇಯಲ್ಲಿ ಕಾದರೆ ರೇಡಿಯೇಟರು ಕಟ್ಟಿರಬೇಕು, ಇಲ್ಲವೇ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಮುಚ್ಚಳ, ಥರ್ಮೋಸ್ಟಾಟ್, ಕೊಳವೆ, ಫ್ಯಾನು, ಪಂಪು, ರೇಡಿಯೇಟರು: ಅಗ್ಗದಿಂದ ದುಬಾರಿಗೆ ಹೋಗುವುದು ಕ್ರಮ. ಸಂಸಾರದಲ್ಲಿ ಚರ್ಚೆ ಇನ್ನೊಂದು ತುದಿಯಿಂದ ಶುರುವಾಗುತ್ತದೆ: “ಮಾರಿಬಿಡಿ ಅಂತ ಎಷ್ಟು ಸಲ ಹೇಳಲಿ, ರೀ?”

ರಿಪೇರಿಯ ಮೇಲೆ ತುಂಬುವುದಕ್ಕೂ ಕ್ರಮವಿದೆ. ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ತುಕ್ಕು ಹೋಗುವವರೆಗೆ ತೊಳೆದು, ಕೂಲೆಂಟಿಗೆ ಸಮನಾಗಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಈ ಭಾಗದ ನಲ್ಲಿಯ ನೀರು ಗಡಸು. ಅತ್ತೆಯವರು ಕಾಯಿಸಿ, ಆರಿಸಿ, ಶೋಧಿಸಿ ಕೊಟ್ಟ ನೀರು ಮೊಮ್ಮಕ್ಕಳಿಗೆ ಶ್ರೇಷ್ಠ, ಜೀಪಿಗಲ್ಲ. ಲವಣವೆಲ್ಲ ಕಾಯಿಸಿದರೆ ಹೋಗುವುದಿಲ್ಲ. ಗಾಡಿಯ ಮೂತಿ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರ್ ಹಾಕಿ, ನಿಧಾನವಾಗಿ ತುಂಬಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುತ್ತದೆ. ಗಾಳಿ ಉಳಿದರೆ ಹೊಸ ಸಾಮಾನು ಹಾಕಿಯೂ ಇಂಜಿನ್ ಕಾಯುತ್ತದೆ.

ಈ ಎಲ್ಲದರ ಪರೀಕ್ಷೆ ಲಾಸ್ ವೇಗಾಸ್ ದಾರಿಯಲ್ಲಿ. ಊರಿನಿಂದ ಬಂದವರಿಗೆ ವೇಗಾಸ್ ತೋರಿಸದೆ ಕಳಿಸುವ ಪದ್ಧತಿ ಇಲ್ಲ. ಇಂಟರ್‌ಸ್ಟೇಟ್ 15ರಲ್ಲಿ ಬೇಕರ್ ಎಂಬ ಊರು ಸುಮಾರು 930 ಅಡಿ ಎತ್ತರದಲ್ಲಿದೆ; ಮುಂದಿನ ಮೌಂಟನ್ ಪಾಸ್ ಸುಮಾರು 4,700 ಅಡಿ. ಬೇಕರ್‌ನಲ್ಲಿ 134 ಅಡಿಯ ಥರ್ಮಾಮೀಟರ್ ನಿಂತಿದೆ. 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ನ ನೆನಪಿಗೆ. ಸಂಸಾರವೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತದೆ. ಜೀಪಿನೊಳಗಿನ ಮೀಟರನ್ನು ಯಾರೂ ನೋಡುವುದಿಲ್ಲ. ಅಲ್ಲಿಂದ ಏರು. ಏಸಿ ಆರಿಸಿ ಎಂದು ರಸ್ತೆಯ ಫಲಕವೇ ಹೇಳುತ್ತದೆ. ಮುಳ್ಳು ನಡುವಿನ 210 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮೇಲೇರಿದರೆ ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಬೇಕು. ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರು; ಇಂಜಿನ್ನಿನ ಬಿಸಿಯನ್ನು ಅದು ಪ್ರಯಾಣಿಕರಿಗೆ ಹಂಚುತ್ತದೆ. ಹಿಂದಿನ ಸೀಟಿನಿಂದ ಮಾವನವರು ಕೇಳುವ ಪ್ರಶ್ನೆ ಒಂದೇ: “ಅಳಿಯಂದಿರೇ, ಚಳಿ ಆಗ್ತಿದೆಯೇ?”

ಆಗಲೂ ಮುಳ್ಳು ಇಳಿಯದಿದ್ದರೆ ನಿಲ್ಲಿಸಬೇಕು. ಇಲ್ಲಿಯೇ ಹೆಚ್ಚಿನ ಇಂಜಿನ್‌ಗಳು ಸಾಯುವುದು. ಗಾಡಿಯ ಗುಣಗಾನ ಮಾಡುತ್ತ ಬಂದ ಯಜಮಾನರಿಗೆ ಹೆಂಡತಿಯ ಕಡೆಯವರ ಎದುರು ಬಾನೆಟ್ ಎತ್ತುವುದು ಮರ್ಯಾದೆಯ ಪ್ರಶ್ನೆ. “ಇನ್ನೇನು ಬಂತು” ಎಂದು ಎಳೆದ ನಾಲ್ಕು ಮೈಲಿಯಲ್ಲಿ ಹೆಡ್ ಬಿರಿಯುತ್ತದೆ, ಅಥವಾ ಗ್ಯಾಸ್ಕೆಟ್ ಹೋಗುತ್ತದೆ. 2000 ಮತ್ತು 2001ರ ಗಾಡಿಗಳ ಹೆಡ್ಡು ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರಿನ ನಡುವೆ ಬಿರುಕು ಬಿಡುವುದಕ್ಕೆ ಹೆಸರಾದದ್ದು. ಆಯಿಲ್ ಮುಚ್ಚಳದ ಅಡಿಯಲ್ಲಿ ತಿಳಿಕಂದು ನೊರೆ ಕಂಡರೆ ನೀರು ಆಯಿಲಿಗೆ ಸೇರಿದೆ. ಗಾಡಿಯನ್ನು ಮತ್ತೆ ಚಾಲೂ ಮಾಡಬಾರದು.

ನಿಲ್ಲಿಸಿದ ಮೇಲೆ ಇಂಜಿನ್ ಆರಿಸಿ, ಜನರನ್ನು ರಸ್ತೆಯಿಂದ ದೂರ ನೆರಳಿಗೆ ಕಳಿಸಿ, ಕನಿಷ್ಠ ಮುಕ್ಕಾಲು ಗಂಟೆ ಏನನ್ನೂ ಮುಟ್ಟಬಾರದು. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬಾರದು. ಪುಳಿಯೋಗರೆ, ಮೊಸರನ್ನ ಮುಗಿಯಲು ಬೇಕಾದ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ, ಆಯಿಲಿನಲ್ಲಿ ನೊರೆ ಕಾಣದಿದ್ದರೆ, ಬಟ್ಟೆ ಹಿಡಿದು ಮುಚ್ಚಳ ತೆರೆದು, ಕಡಿಮೆಯಾದಷ್ಟು ತುಂಬಿ, ಹತ್ತಿರದ ಊರಿಗೆ ನಿಧಾನವಾಗಿ ಹೋಗಬಹುದು. ಮುಚ್ಚಳ, ಥರ್ಮೋಸ್ಟಾಟ್, ಕೊಳವೆಗಳು, ಪಂಪು, ರೇಡಿಯೇಟರು ಎಲ್ಲವನ್ನೂ ಒಟ್ಟಿಗೆ ಮನೆಯಲ್ಲೇ ಬದಲಿಸಿದರೂ ಮೆಕ್ಯಾನಿಕ್ಕಿನ ಕೈಯಲ್ಲಿ ಒಂದು ಹೆಡ್ಡು ಬದಲಿಸುವುದಕ್ಕಿಂತ ಕಡಿಮೆ ಖರ್ಚು. ಉಳಿದ ಹಣದಲ್ಲಿ ಅತ್ತೆ ಮಾವಂದಿರನ್ನು ವಿಮಾನದಲ್ಲಿ ವೇಗಾಸ್‌ಗೆ ಕಳಿಸಬಹುದು. ಅವರು ಕೇಳಿಕೊಂಡದ್ದೂ ಅದನ್ನೇ.