ಬಗ್ಗುವವರು ಬೇಕಾಗಿದ್ದಾರೆ

ಐದನೇ ತಿಂಗಳು ತುಂಬುವ ಹೊತ್ತಿಗೆ ನನ್ನ ಕೈಯಿಂದ ಒಂದು ಈರುಳ್ಳಿ ಜಾರಿ ಬಿತ್ತು. ಬಿದ್ದದ್ದು ಬಿದ್ದಲ್ಲೇ ಇರಬಾರದೇ? ಅಡುಗೆಕಟ್ಟೆಯ ಕೆಳಗೆ ಉರುಳಿಕೊಂಡು ಹೋಗಿ ಗ್ಯಾಸ್ ಸಿಲಿಂಡರಿನ ಹಿಂದೆ ಗೋಡೆಗೆ ಒರಗಿ ಕೂತಿತು. ಕಟ್ಟೆ ಹಿಡಿದು ಅರ್ಧ ಬಗ್ಗಿದೆ. ಸೊಂಟದಲ್ಲಿ ಚಳಕ್ ಎಂದಿತು. ಇನ್ನರ್ಧ ಬಗ್ಗುವುದೋ, ಬಗ್ಗಿದ್ದನ್ನೂ ವಾಪಸ್ ಪಡೆಯುವುದೋ ತೋಚದೆ ಕೊಕ್ಕೆಯ ಹಾಗೆ ನಿಂತೆ. ಕೊನೆಗೆ ಒಂದು ಈರುಳ್ಳಿಗೆ ಇಷ್ಟೆಲ್ಲ ಮರ್ಯಾದೆ ಬೇಡವೆಂದು ಮೆಲ್ಲಗೆ ನೆಟ್ಟಗಾಗಿ, ಬುಟ್ಟಿಯಿಂದ ಇನ್ನೊಂದನ್ನು ತೆಗೆದುಕೊಂಡೆ. ಆಗ ಮೇ ತಿಂಗಳ ಕೊನೆ. ಅದು ಅಲ್ಲಿ, ನಾನು ಇಲ್ಲಿ, ಹೀಗೇ ನಮ್ಮ ಸಂಸಾರ ನಡೆಯಿತು.

ನಮ್ಮ ಮನೆ ಬೊಮ್ಮನಹಳ್ಳಿಯಲ್ಲಿ, ಬೇಗೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಗಲ್ಲಿಯಲ್ಲಿ. ಇಲ್ಲಿನ ಗಾರ್ಮೆಂಟ್ಸ್ ಗೇಟುಗಳಲ್ಲಿ ‘ಟೈಲರ್, ಹೆಲ್ಪರ್, ಚೆಕಿಂಗ್ ಕೆಲಸಕ್ಕೆ ಮಹಿಳೆಯರು ಬೇಕಾಗಿದ್ದಾರೆ’ ಎಂಬ ಬೋರ್ಡು ನೇತಾಡುತ್ತಲೇ ಇರುತ್ತದೆ. ಯಾವ ಬೋರ್ಡೂ ಹಾಕದೆ ಸಿಗುವವರೆಂದರೆ ಸಲಹೆಗಾರರು. ಬಸುರಿಗೆ ಸೊಂಟ ನೋವು ಎಂಬ ಸುದ್ದಿ ಗಲ್ಲಿಯ ಈ ತುದಿಯಿಂದ ಆ ತುದಿ ತಲುಪಲು ಒಂದು ನೀರಿನ ಟ್ಯಾಂಕರ್ ಖಾಲಿಯಾಗುವಷ್ಟು ಹೊತ್ತೂ ಬೇಡ.

ಹಾಸನದಿಂದ ಅಮ್ಮ ಫೋನಿನಲ್ಲಿ, “ಬಗ್ಬೇಡ ಪುಟ್ಟಿ, ಏನೂ ಎತ್ಬೇಡ” ಎಂದರು. ಮದ್ದೂರಿನಿಂದ ಬಂದ ಅತ್ತೆ, “ಬಗ್ಗಿ ನೆಲ ಸಾರ್ಸವ್ವ, ಹೆರಿಗೆ ಸಲೀಸಾಯ್ತದೆ. ನಾನು ನಾಟಿ ಹಾಕ್ಬುಟ್ಟು ಬಂದು ಹೆತ್ತಿವ್ನಿ” ಎಂದರು. ಮನೆ ಓನರ್ ಆಂಟಿ ಜಾಸ್ತಿ ನಡೆಯಬೇಡ ಎಂದರೆ, ಓನರ್ ಅಂಕಲ್ ಕೂತಲ್ಲೇ ಕೂರಬೇಡ ಎಂದರು. ಇಬ್ಬರನ್ನೂ ಸಮಾಧಾನಪಡಿಸಲು ನಾನು ಅವರ ಗೇಟಿನ ಹತ್ತಿರ ಕೂತು, ತಿರುವಿನಲ್ಲಿ ನಡೆಯುತ್ತಿದ್ದೆ. ಎರಡು ಪಕ್ಷಗಳೂ ಒಪ್ಪಿದ್ದು ಅಮೃತಾಂಜನವನ್ನು ಮಾತ್ರ. 1893ರಲ್ಲಿ ಹುಟ್ಟಿದ ಮುಲಾಮು, ನಮ್ಮ ಮನೆಯಲ್ಲಿ ಅದಕ್ಕಿಂತ ಹಿರಿಯರು ಯಾರೂ ಇಲ್ಲವಾದ್ದರಿಂದ ಅದರ ಮಾತಿಗೆ ಎದುರಾಡುವಂತಿಲ್ಲ. ಆದರೆ ಡಾಕ್ಟರಮ್ಮ, “ಕೇಳದೆ ಯಾವ ಮುಲಾಮನ್ನೂ ಹಚ್ಕೋಬೇಡಿ. ನೋವಿನ ಕೆಲವು ಮುಲಾಮುಗಳಲ್ಲಿ ನೋವಿನ ಮಾತ್ರೆಯ ಔಷಧಿಯೇ ಇರುತ್ತೆ. ಮೆಡಿಕಲ್ ಶಾಪಿಂದ ಮಾತ್ರೆಯನ್ನಂತೂ ಮುಟ್ಟಲೇಬೇಡಿ” ಎಂದು ಅದನ್ನೂ ಕಪಾಟಿಗೆ ಸೇರಿಸಿದರು. ಬೇಕಾದರೆ ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಬೆಚ್ಚಗೆ, ಹತ್ತು ನಿಮಿಷ ಸೊಂಟಕ್ಕೆ ಇಟ್ಟುಕೊಳ್ಳಬಹುದು. ಸುಡುವಷ್ಟು ಬಿಸಿ ಬೇಡ, ಹೊಟ್ಟೆಯ ಮೇಲಂತೂ ಬೇಡ.

ನೋವು ಯಾಕೆ ಎಂದು ಕೇಳಿದ್ದಕ್ಕೆ ಅವರು ರಿಲ್ಯಾಕ್ಸಿನ್ ಎಂಬ ಹಾರ್ಮೋನಿನ ಹೆಸರು ಹೇಳಿದರು. ಹೆಸರು ಕೇಳಿ ಯಾವುದೋ ರೆಸಾರ್ಟಿನದಿರಬೇಕು ಎಂದುಕೊಂಡೆ. ಅದರ ಕೆಲಸ ಮಗು ಹೊರಬರಲು ದಾರಿಯಾಗಲೆಂದು ಸೊಂಟದ ಕೀಲುಗಳ ಕಟ್ಟು ಸಡಿಲಿಸುವುದಂತೆ. ಅಂದರೆ ರಿಲ್ಯಾಕ್ಸ್ ಆಗುವುದು ಕೀಲುಗಳು ಮಾತ್ರ, ಅವುಗಳ ಒಡತಿಯಲ್ಲ. ಜೊತೆಗೆ ಹೊಟ್ಟೆಯ ಸ್ನಾಯುಗಳು ಹಿಗ್ಗಿ ಬೆನ್ನಿಗೆ ಕೊಡುತ್ತಿದ್ದ ಬೆಂಬಲ ವಾಪಸ್ ತೆಗೆದುಕೊಳ್ಳುತ್ತವೆ. ಒಂಬತ್ತು ತಿಂಗಳಲ್ಲಿ ಹತ್ತು ಹನ್ನೆರಡು ಕೆಜಿ ಏರುತ್ತದೆ, ಏರುವುದೂ ಮುಂದಕ್ಕೆ. ಮುಗ್ಗರಿಸಬಾರದೆಂದು ನಾವು ಹಿಂದಕ್ಕೆ ವಾಲುತ್ತೇವೆ. ವಾಲಿದ್ದೆಲ್ಲದರ ಲೆಕ್ಕ ಸೊಂಟದ ಖಾತೆಗೆ. ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ, ಇಷ್ಟು ಬಹುಮತವಿರುವ ಪಕ್ಷ ಇನ್ನೂ ಯಾಕೆ ಸರ್ಕಾರ ರಚಿಸಿಲ್ಲ ಎನ್ನಿಸಿತು.

ರಾತ್ರಿ ನಿದ್ದೆ ಬಾರದೆ ಓದುತ್ತಿದ್ದಾಗ ಇನ್ನೊಂದು ಸಂಗತಿ ಸಿಕ್ಕಿತು. ಹಾರ್ವರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು. ಸೊಂಟದ ಬಾಗು ಗಂಡಸರಲ್ಲಿ ಎರಡು ಬೆನ್ನುಮೂಳೆಗಳ ಮೇಲೆ ಹಂಚಿಕೊಂಡಿದ್ದರೆ, ಹೆಂಗಸರಲ್ಲಿ ಮೂರರ ಮೇಲೆ ಹಂಚಿಕೊಂಡಿದೆ. ಹೊಟ್ಟೆಯಲ್ಲಿ ಕೂಸು ಹೊತ್ತು ಎರಡೇ ಕಾಲಿನಲ್ಲಿ ಓಡಾಡಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಇಪ್ಪತ್ತು ಲಕ್ಷ ವರ್ಷಕ್ಕೂ ಹಿಂದಿನ ಪೂರ್ವಜರ ಪಳೆಯುಳಿಕೆಗಳಲ್ಲೂ ಈ ವ್ಯತ್ಯಾಸ ಇದೆಯಂತೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಇದನ್ನು ಓದಿ ಹೇಳಿದೆ. ನಮ್ಮವರು, “ನೋಡಿದ್ಯಾ, ನಿಮಗೆ ಒಂದು ಎಕ್ಸ್‌ಟ್ರಾ ಕೊಟ್ಟಿದಾನೆ” ಎಂದರು. ಅತ್ತೆ ರಾಗಿ ಕೇರುವುದನ್ನು ನಿಲ್ಲಿಸದೆಯೇ, “ಅದ್ಕೇಯ ಗಂಡಸ್ರು ಬಗ್ಗಾಕಿಲ್ಲ ಕನವ್ವ” ಎಂದರು. ಹಾರ್ವರ್ಡಿನವರು ಮದ್ದೂರಿಗೆ ಬಂದಿದ್ದರೆ ಸಂಶೋಧನೆ ಬೇಗ ಮುಗಿಯುತ್ತಿತ್ತು.

ಅದೇ 2007ರಲ್ಲಿ ಬೊಮ್ಮನಹಳ್ಳಿ ನಗರಸಭೆಯನ್ನು ಬೃಹತ್ ಬೆಂಗಳೂರಿಗೆ ಸೇರಿಸಿದರು. ಊರಿನ ಹೊಟ್ಟೆ ಮುಂದೆ ಬಂತು, ಭಾರವೆಲ್ಲ ಹೊಸೂರು ರಸ್ತೆ ಎಂಬ ಸೊಂಟದ ಮೇಲೆ ಬಿತ್ತು. 2010ರಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ ಎಂಬ ಎರಡನೇ ಮೂಳೆ ಕೂಡಿಸಿದರು. ನಮ್ಮ ಕಂಪನಿಯ ಕ್ಯಾಬು ಮಾತ್ರ ಪಿಕಪ್ಪಿನ ನೆಪದಲ್ಲಿ ಕೆಳಗಿನ ರಸ್ತೆಯಲ್ಲೇ ಹೋಗುತ್ತಿತ್ತು. ಇಲ್ಲಿಗೆ ಹತ್ತಿರದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ, ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಆ ಕಾಳಗ ಮುಗಿಯಿತೆಂದು ಇತಿಹಾಸಕಾರರು ನಂಬಿದ್ದಾರೆ. ಬೆಳಗಿನ ಒಂಬತ್ತು ಗಂಟೆಗೆ ಸಿಲ್ಕ್ ಬೋರ್ಡಿಗೆ ಬಂದು ನೋಡಿದರೆ ಆ ನಂಬಿಕೆ ಉಳಿಯಲಾರದು.

ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತರೆ ಸೊಂಟಕ್ಕೆ ಎಸೆತ ಜಾಸ್ತಿ ಎಂದು ತಿಳಿದ ಮೇಲೆ ಮುಂದಿನ ಸೀಟಿಗೆ ಬಂದೆ. ಸೊಂಟದ ಹಿಂದಿನ ಡೊಂಕಿಗೆ ಸರಿಯಾಗಿ ಟವೆಲ್ ಸುರುಳಿ ಸುತ್ತಿ ಇಟ್ಟುಕೊಂಡೆ. ಡ್ರೈವರ್ ಅಣ್ಣ ಎರಡು ಮಕ್ಕಳ ತಂದೆ. ಒಂದೇ ಒಂದು ಸಲಹೆ ಕೊಡಲಿಲ್ಲ. “ಮೇಡಂ, ಹಂಪು ಬಂತು”, “ಮೇಡಂ, ಎಡಗಡೆ ಗುಂಡಿ”, “ಮೇಡಂ, ಇಲ್ಲಿಂದ ಸಿಂಗಸಂದ್ರದವರೆಗೆ ಬರೀ ಜಲ್ಲಿ” ಎಂದು ಒಂದೊಂದನ್ನೂ ಮುಂಚೆಯೇ ಹೇಳಿ, ನಾನು ಹಿಡಿ ಹಿಡಿದು ತಯಾರಾಗುವವರೆಗೆ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಿದ್ದರು.

ಆಫೀಸಿನಲ್ಲಿ ಸೊಂಟಕ್ಕೆ ಒತ್ತು ಕೊಡುವ ಕುರ್ಚಿ ಇತ್ತು. ಅದನ್ನು ನನ್ನ ಹೊಟ್ಟೆಗೆ ಹೊಂದಿಸಿದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಜೆರಾಕ್ಸ್ ಪೇಪರಿನ ಖಾಲಿಯಾಗದ ಡಬ್ಬವೊಂದನ್ನು ಕೆಳಗಿಟ್ಟು ಕಾಲು ಊರಿದೆ. ಇಡೀ ದಿನ ಹಾಯಾಗಿತ್ತು. ಸಂಜೆ ಯಾರಿಗೋ ಪೇಪರ್ ಬೇಕಾಗಿ ನನ್ನ ಕಾಲಡಿಯ ನೆಲವನ್ನೇ ಎಳೆದುಕೊಂಡು ಹೋದರು. ಅದೇ ವಾರ ಬೆನ್ನಿನ ಆರೋಗ್ಯದ ಬಗ್ಗೆ ಕಂಪನಿಯಿಂದ ಕಾರ್ಯಕ್ರಮವಿತ್ತು, ನಾಲ್ಕನೇ ಮಹಡಿಯಲ್ಲಿ. ಲಿಫ್ಟು ರಿಪೇರಿಯಲ್ಲಿತ್ತು. ಮೆಟ್ಟಿಲು ಹತ್ತಿ ಹೋದವರಿಗೆ ಸಿಕ್ಕಿದ ಸಾರ ಇಷ್ಟು: ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಎತ್ತರದ ಹಿಮ್ಮಡಿಯ ಚಪ್ಪಲಿ ಬಿಡಿ. ನನಗೆ ಇವೆರಡೂ ಗೊತ್ತಿದ್ದವು. ಏಳನೇ ತಿಂಗಳಲ್ಲಿ ಅರ್ಧ ಗಂಟೆಗೊಮ್ಮೆ ಏಳಿಸುವ ಕೆಲಸವನ್ನು ಮೂತ್ರಕೋಶವೇ ವಹಿಸಿಕೊಂಡಿರುತ್ತದೆ.

ರಾತ್ರಿಯ ಪಾಡು ಬೇರೆ. ಎಡಮಗ್ಗುಲಲ್ಲಿ ಮಲಗಬೇಕು, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಒಂದು, ಬೆನ್ನಿಗೆ ಒಂದು. ಅಮ್ಮ ಹಾಸನದಿಂದ ಬೂರುಗದ ಹತ್ತಿಯ ದಿಂಬುಗಳನ್ನು ಕಳಿಸಿದರು. ಮೂರೂ ಮಂಚದ ಮೇಲೆ ನೆಲೆಗೊಂಡ ಮೇಲೆ ನಮ್ಮವರ ಪಾಲಿಗೆ ಉಳಿದದ್ದು ಒಂದು ಗೇಣು. ಮಗ್ಗುಲು ಬದಲಿಸುವುದಂತೂ ನಮ್ಮ ಗಲ್ಲಿಯಲ್ಲಿ ಮರಳು ಲಾರಿ ರಿವರ್ಸ್ ತೆಗೆದ ಹಾಗೆ. ಮಂಡಿಗಳೆರಡನ್ನೂ ಜೋಡಿಸಿಕೊಂಡು, ಸೊಂಟ ತಿರುಚದೆ, ಇಡೀ ಮೈ ಒಂದೇ ಸಲ ಹೊರಳಬೇಕು. ನಮ್ಮವರು ನಿದ್ದೆಗಣ್ಣಲ್ಲೇ, “ರೈಟ್, ರೈಟ್, ರೈಟ್, ಹೋಲ್ಡಾನ್” ಎನ್ನುತ್ತಿದ್ದರು. ಏಳುವಾಗಲೂ ಹಾಗೇ: ಮೊದಲು ಮಗ್ಗುಲು, ಆಮೇಲೆ ಕಾಲು ಕೆಳಗೆ, ಆಮೇಲೆ ಕೈ ಊರಿ ಮೇಲಕ್ಕೆ.

ವ್ಯಾಯಾಮಕ್ಕೆಂದು ಕೈ, ಮಂಡಿ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆತ್ತಿ, ಮತ್ತೆ ಮಟ್ಟಸಕ್ಕೆ ತರುವುದನ್ನು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಹತ್ತು ಸಲ ಮಾಡಿದರೆ ಸೊಂಟದ ಬಿಗಿ ಇಳಿಯುವುದು ನಿಜ. ಒಂದು ದಿನ ಬಾಗಿಲು ತೆರೆದಿತ್ತು. ಓನರ್ ಮೊಮ್ಮಗ ಒಳಗೆ ಬಂದು, “ಆಂಟಿ, ಆನೆ ಆಟನಾ? ನಾನೂ ಹತ್ಲಾ?” ಎಂದ. ಅಂದಿನಿಂದ ಚಿಲಕ ಹಾಕಿಕೊಂಡೇ ಬೆಕ್ಕಾದೆ.

ಇಷ್ಟೆಲ್ಲ ನಗುವಾಗಲೂ ಡಾಕ್ಟರಮ್ಮ ಒಂದು ಮಾತನ್ನು ನಗದೆ ಹೇಳಿದ್ದರು. ನೋವು ಅಲೆಯ ಹಾಗೆ ಬಂದು ಬಂದು ಹೋದರೆ, ರಕ್ತ ಅಥವಾ ನೀರು ಹೋದರೆ, ಜ್ವರ, ಉರಿಮೂತ್ರ ಕಾಣಿಸಿಕೊಂಡರೆ, ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ ದಿಂಬು ಹುಡುಕುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಬರಬೇಕು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿದ್ದೆ.

2025ರ ಆಗಸ್ಟ್ 10ರಂದು ನಮ್ಮ ಹಳದಿ ಮೆಟ್ರೋ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ, ಅದರಲ್ಲಿ ಒಂದು ಬೊಮ್ಮನಹಳ್ಳಿ. ಹೊಸೂರು ರಸ್ತೆಗೂ ಹೆಂಗಸಿನ ಹಾಗೆ ಮೂರನೇ ಮೂಳೆ ಬಂತು. ಹಂಪಿಲ್ಲ, ಗುಂಡಿಯಿಲ್ಲ. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಎಂಟನೇ ತಿಂಗಳ ಹೊಟ್ಟೆ ಹೊತ್ತು ನಾನು ಹತ್ತಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಪಕ್ಕದಲ್ಲಿ ನಮ್ಮವರು. ಅವರ ಹೊಟ್ಟೆ ಹೊಟೇಲಿನದಾದರೂ ಅಳತೆಯಲ್ಲಿ ನನ್ನದಕ್ಕಿಂತ ಹಿಂದೆ ಬಿದ್ದಿರಲಿಲ್ಲ. ಕೂತಿದ್ದ ಹುಡುಗನೊಬ್ಬ ತಲೆಯೆತ್ತಿ ನನ್ನನ್ನು ನೋಡಿದ, ಅವರನ್ನು ನೋಡಿದ, ಇದು ಮನೆತನದ ಮೈಕಟ್ಟು ಎಂದು ತೀರ್ಮಾನಿಸಿ ಮೊಬೈಲಿಗೆ ಮರಳಿದ. ನಮ್ಮವರು, “ಕೇಳು, ಕೊಡ್ತಾರೆ” ಎಂದು ಪಿಸುಗುಟ್ಟಿದರು. ಕೇಳಿದೆ. ಆ ಹುಡುಗ ಛಂಗನೆ ಎದ್ದು ಮೂರು ಸಲ ಸಾರಿ ಹೇಳಿದ. ಒಳ್ಳೆಯ ಹುಡುಗನೇ. ಆದರೆ ಇಡೀ ಡಬ್ಬಿಯ ಮುಂದೆ ನಾನು ಬಸುರಿ ಎಂದು ಅರ್ಜಿ ಹಾಕಬೇಕಾಯಿತಲ್ಲ ಎಂದು ಸೊಂಟದ ಜೊತೆ ಇನ್ನೆಲ್ಲೋ ಚಳಕ್ ಎಂದಿತು.

ಆ ಶನಿವಾರ ಮೇಲಿನ ಮನೆಯ ಅಕ್ಕ ಹುರುಳಿಕಾಳಿನ ಬಸ್ಸಾರು ತಂದರು. ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಅವರ ಕೆಲಸ, ದಿನವಿಡೀ ನಿಂತೇ. “ಎರಡು ಮಕ್ಳನ್ನ ಹೊಟ್ಟೇಲಿಟ್ಕೊಂಡು ನಿಂತಿದೀನಿ. ಟೇಬಲ್ ಕೆಳಗೆ ದಾರದ ಕೋನಿನ ಡಬ್ಬ ಇಟ್ಕೊಂಡು ಸ್ವಲ್ಪ ಹೊತ್ತು ಈ ಕಾಲು, ಸ್ವಲ್ಪ ಹೊತ್ತು ಆ ಕಾಲು ಅದರ ಮೇಲಿಡ್ತಿದ್ದೆ. ಸೊಂಟ ಹಗುರಾಗುತ್ತೆ” ಎಂದರು. ನನ್ನ ಲಕ್ಷ ರೂಪಾಯಿಯ ಆಫೀಸು ಕಲಿಸದ್ದನ್ನು ದಾರದ ಡಬ್ಬ ಕಲಿಸಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಬರೆಯುವಾಗಲೇ ದಿನ ಹತ್ತಿರವಾದ ಬಸುರಿಯನ್ನು ಬಹಳ ಹೊತ್ತು ನಿಲ್ಲಿಸಿ ದುಡಿಸಬಾರದೆಂದು ಬರೆದಿದ್ದರಕ್ಕ, ಅವಳು ಕೇಳಿಕೊಂಡರೆ, ಎಂದೆ. ಅವರು ನಕ್ಕರು. “ಕೇಳ್ಕೊಳ್ಳೋದಾ? ಸೂಪರ್‌ವೈಸರ್‌ನ ಕೇಳಿದ್ರೆ ಪೀಸ್ ಎಷ್ಟಾಯ್ತು ಅಂತ ವಾಪಸ್ ಕೇಳ್ತಾನೆ.”

ಮಾತಾಡುತ್ತಲೇ ಅವರ ಕಣ್ಣು ಸಿಲಿಂಡರಿನ ಹಿಂದೆ ಹೋಯಿತು. ಚೆಕಿಂಗ್ ಕಣ್ಣು, ಡ್ಯಾಮೇಜ್ ಪೀಸನ್ನು ಬಿಡುವುದಿಲ್ಲ. ಏನೂ ಕೇಳಲಿಲ್ಲ. ಸೊಂಟ ಬಗ್ಗಿಸದೆ ಕಾಲಗಲಿಸಿ ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ ಈರುಳ್ಳಿಯನ್ನು ಈಚೆಗೆ ತೆಗೆದರು. ಎರಡೂವರೆ ತಿಂಗಳಲ್ಲಿ ಅದು ಗೇಣುದ್ದ ಮೊಳಕೆ ಬಿಟ್ಟಿತ್ತು. “ಚೆನ್ನಾಗಿದೆ, ಕುಂಡಕ್ಕೆ ಹಾಕಮ್ಮ” ಎಂದು ಕೈಗಿಟ್ಟರು. ಸಂಜೆ ಅದನ್ನು ಕಂಡ ನಮ್ಮವರು, “ಅಯ್ಯೋ, ಹೇಳಿದ್ರೆ ನಾನೇ ಎತ್ಕೊಡ್ತಿದ್ದೆ” ಎಂದರು. ಎರಡೂವರೆ ತಿಂಗಳು ಮನೆ ಗುಡಿಸಿದ್ದು ಅವರೇ. ಕಣ್ಣಿಗೆ ಬಿದ್ದಷ್ಟೇ ಕಸ ಎಂಬುದು ಅವರ ಸಿದ್ಧಾಂತ.

ಆದ್ದರಿಂದ ಗಾರ್ಮೆಂಟ್ಸ್ ಗೇಟಿನ ಮಾದರಿಯಲ್ಲಿ ನಾನೂ ಒಂದು ಬೋರ್ಡು ಹಾಕಿದ್ದೇನೆ. ಬಗ್ಗುವವರು ಬೇಕಾಗಿದ್ದಾರೆ. ಅನುಭವ ಬೇಡ, ಎರಡು ಮೂಳೆಯವರೂ ಅರ್ಜಿ ಹಾಕಬಹುದು. ದಿಂಬು, ಟವೆಲ್ಲು, ಡಬ್ಬ ಎಲ್ಲವೂ ಸೊಂಟಕ್ಕೆ ಹಿತವೇ. ಆದರೆ ಬಸುರಿಯ ಕೈಯಿಂದ ಏನಾದರೂ ಬಿದ್ದಾಗ “ಬಗ್ಬೇಡ” ಎಂದು ಹೇಳಬೇಡಿ. ನೀವೇ ಬಗ್ಗಿ.