ಮೂರು ಗಂಟೆಯವರೆಗಿನ ಯಜಮಾನರು

ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಲ್ಲಿ ಹೋಟೆಲಿನ ರೂಮಿನವರು ಬೆಳಿಗ್ಗೆ ಹತ್ತರ ಹೊತ್ತಿಗೆ ಚೀಲ ಹೊತ್ತು ಹೊರಡುತ್ತಾರೆ. ರಾತ್ರಿ ತಂಗುವ ಹೊಸಬರಿಗೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ತನಕ ರೂಮು ಸಿಗುವುದಿಲ್ಲ. ಈ ವೇಳಾಪಟ್ಟಿ ನೀರಿಗೆ ಗೊತ್ತಿಲ್ಲ, ಅದು ನೆಲದೊಳಗಿಂದ ಬರುತ್ತಲೇ ಇರುತ್ತದೆ. ಹಾಗಾಗಿ ಎಷ್ಟೋ ಹೋಟೆಲಿನವರು ನಡುವಿನ ಖಾಲಿ ಹೊತ್ತಿನಲ್ಲಿ ಬರಿಯ ಸ್ನಾನಕ್ಕೆ ಟಿಕೆಟ್ ಕೊಡುತ್ತಾರೆ. ಇಂಥ ಗಿರಾಕಿಗಳಿಗೆ ಹಿಗಾಯೆರಿಯವರು ಎಂದು ಹೆಸರು. ಅವರಲ್ಲೆಲ್ಲ ಪಳಗಿದವರು ಟೋಕಿಯೊದ ನಿವೃತ್ತ ಅಜ್ಜ.

ಇಂಥದೇ ಬುಗ್ಗೆಗಳ ಊರಾದ ಹಕೊನೆಗೆ ಟೋಕಿಯೊದ ಶಿಂಜುಕುವಿನಿಂದ ರೊಮ್ಯಾನ್ಸ್‌ಕಾರ್ ಎಂಬ ಚೆಂದದ ರೈಲಿದೆ. ಒಂದೂವರೆ ಗಂಟೆಯಲ್ಲಿ ಅಲ್ಲಿನ ಯುಮೊತೊ ನಿಲ್ದಾಣ ಮುಟ್ಟಿಸುತ್ತದೆ. ಅಜ್ಜ ಅದನ್ನು ಹತ್ತುವುದಿಲ್ಲ, ಹೆಚ್ಚಿನ ದರ ಕೊಡಬೇಕಲ್ಲ! ಮಾಮೂಲಿ ಗಾಡಿಯಲ್ಲಿ ಓದವಾರಾ ತನಕ ಬಂದು ಅಲ್ಲಿ ಇನ್ನೊಂದು ಹಿಡಿಯುತ್ತಾರೆ. ಟವೆಲ್ಲಿಗೂ ಹೋಟೆಲಿನವರು ಬೇರೆ ಬಾಡಿಗೆ ಕೇಳುತ್ತಾರೆಂದು ಮನೆಯದೇ ತೆಳ್ಳನೆಯದೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಅಲ್ಲಿ ಸ್ನಾನಕ್ಕೆ ತೆರಿಗೆಯೂ ಉಂಟು, ತಲೆಗೆ 150 ಯೆನ್ ಎಂಬುದು ರೂಢಿಯ ದರ. ಹಗಲು ಬಂದು ಹೋಗುವವರಿಗೆ ಅನೇಕ ಊರುಗಳಲ್ಲಿ ಅದಕ್ಕಿಂತ ಕಡಿಮೆ. ಆ ವ್ಯತ್ಯಾಸವನ್ನು ಅಜ್ಜ ಸರ್ಕಾರದ ಎದುರು ತಾವು ಗೆದ್ದ ಮೊಕದ್ದಮೆ ಎಂಬ ಧಾಟಿಯಲ್ಲಿ ಹೇಳುತ್ತಾರೆ.

ಆದರೆ ಇವರನ್ನು ಬರೀ ಜಿಪುಣರೆಂದು ತಳ್ಳಿಹಾಕುವ ಹಾಗಿಲ್ಲ. ಬಟ್ಟೆ ಬಿಚ್ಚುವ ಕೋಣೆಗೆ ಬನ್ನಿ. ಗೋಡೆಯ ಮೇಲೆ ನೀರಿನ ಪರೀಕ್ಷಾ ವರದಿ ತೂಗುಹಾಕಿರುತ್ತಾರೆ, ಅದು ಕಾನೂನು. ಉಳಿದವರು ಅದರ ಮುಂದೆ ಸುಮ್ಮನೆ ಹಾದು ಹೋಗುತ್ತಾರೆ. ಅಜ್ಜ ಮಾತ್ರ ಮೈಮೇಲೆ ನೂಲಿಲ್ಲದೆ, ಕನ್ನಡಕವೊಂದನ್ನು ಏರಿಸಿಕೊಂಡು, ಪಂಚಾಂಗ ನೋಡುವ ಪುರೋಹಿತರ ಗಾಂಭೀರ್ಯದಲ್ಲಿ ಅದನ್ನು ಓದುತ್ತಾರೆ. ಬುಗ್ಗೆಯಲ್ಲಿ ಶಾಖವೆಷ್ಟು, ಸೋಡಿಯಂ ಎಷ್ಟು, ಆಮ್ಲವೋ ಕ್ಷಾರವೋ. ಪರೀಕ್ಷೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಮಾಡಿಸಬೇಕಾದ್ದರಿಂದ ಮೊದಲು ಕಣ್ಣು ಹೋಗುವುದು ತಾರೀಖಿನ ಮೇಲೆ. ಹಳತಾಗಿದ್ದರೆ ಗಂಟಲಿಂದ ಒಂದು ‘ಹೂಂ’ ಬರುತ್ತದೆ.

1948ರ ಕಾನೂನಿನ ಪ್ರಕಾರ ನೆಲದಿಂದ ಬರುವಾಗ ಕನಿಷ್ಠ 25 ಡಿಗ್ರಿ ಶಾಖವಿದ್ದರೆ ಅದು ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ. ಇಲ್ಲವೆ ಗೊತ್ತುಮಾಡಿದ 19 ದ್ರವ್ಯಗಳಲ್ಲಿ ಯಾವುದಾದರೂ ಒಂದು ಸಾಕಷ್ಟಿದ್ದರೆ ತಣ್ಣೀರೂ ಒನ್ಸೆನ್ನೇ. ಈ ಧಾರಾಳತನ ಅಜ್ಜರಿಗೆ ಹಿಡಿಸದು. ಬುಗ್ಗೆಯ ನೀರು ನೇರ ತೊಟ್ಟಿಗೆ ಬಿದ್ದು, ತುಂಬಿ, ಅಂಚಿನಿಂದ ಹರಿದು ಹೋಗುತ್ತಿರಬೇಕು. ಸೋಸಿ ಮತ್ತೆ ಅದನ್ನೇ ತಿರುಗಿಸಿದರೆ ಅವರ ಲೆಕ್ಕದಲ್ಲಿ ಅದು ನಲ್ಲಿ ನೀರು. 2004ರಲ್ಲಿ ನಾಗಾನೊ ಪ್ರಾಂತದ ಶಿರಾಹೊನೆಯಲ್ಲಿ ಹಾಲುಬಣ್ಣದ ನೀರಿಗೆ ಹೆಸರಾದ ಕೆಲವು ಸ್ನಾನಗೃಹಗಳು ಬಣ್ಣ ಬರಿಸಲು ಪುಡಿ ಬೆರೆಸುತ್ತಿದ್ದದ್ದು ಬಯಲಾಗಿ ದೇಶವೆಲ್ಲ ಗುಲ್ಲಾಯಿತು. ಮರುವರ್ಷವೇ ನಿಯಮ ಬಿಗಿಯಾಯಿತು. ತಣ್ಣೀರು ಬೆರೆಸಿದರೂ, ಕಾಯಿಸಿದರೂ, ಔಷಧಿ ಹಾಕಿದರೂ ಬೋರ್ಡಿನಲ್ಲಿ ಬರೆಯಬೇಕು. ಅಜ್ಜ ಬೋರ್ಡನ್ನೂ ಓದುತ್ತಾರೆ, ಆಮೇಲೆ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸುತ್ತಾರೆ. ನಂಬಿಕೆ ಏನಿದ್ದರೂ ಮೂಗಿನ ಮೇಲೆ.

ತೊಟ್ಟಿಗಿಳಿಯುವ ಮೊದಲು ಮೈ ತೊಳೆಯುವುದು ಕಟ್ಟುನಿಟ್ಟು. ತಗ್ಗಿನ ಸ್ಟೂಲಿನ ಮೇಲೆ ಕೂತು ಅಜ್ಜ ಉಜ್ಜುತ್ತಾರೆ, ಉಜ್ಜುತ್ತಲೇ ಇರುತ್ತಾರೆ. ಶಾಂಪೂ ಹೋಟೆಲಿನದಾದ್ದರಿಂದ ಇಲ್ಲದ ಕೂದಲಿಗೆ ಎರಡೆರಡು ಸಲ. ಆಮೇಲೆ ಟವೆಲ್ಲನ್ನು ಮಡಚಿ ನೆತ್ತಿಯ ಮೇಲಿಟ್ಟು (ಅದು ನೀರಿಗೆ ತಾಗಕೂಡದು) ಕತ್ತಿನವರೆಗೆ ಮುಳುಗಿ, ಪಕ್ಕದವನಿಗೆ ಪಾಠ ಶುರು. ಕುಸಾತ್ಸು ಎಂಬ ಬುಗ್ಗೆಯೂರಿನ ನೀರು ಎಷ್ಟು ಹುಳಿ, ಉಪ್ಪಿನ ನೀರು ಯಾಕೆ ಮೈ ಬೆಚ್ಚಗಿಡುತ್ತದೆ, ಎಲ್ಲ. ಪಕ್ಕದವನು ಏಳುವಂತಿಲ್ಲ, ಎದ್ದರೆ ಬೆತ್ತಲೆ. ಇಷ್ಟು ಭದ್ರವಾದ ತರಗತಿ ಯಾವ ಮೇಷ್ಟರಿಗೂ ಸಿಕ್ಕಿರಲಾರದು.

ಟಿಕೆಟ್ಟಿನ ದುಡ್ಡನ್ನು ಮುಳುಗುಗಳಿಂದ ಭಾಗಿಸುವುದು ಅವರ ಗಣಿತ. ಇಳಿ, ಏಳು, ಚಾಪೆಯ ಹಾಲಿನಲ್ಲಿ ಒರಗು, ಮತ್ತೆ ಇಳಿ. ಹೊರಗಿನ ತಿಂಡಿ ತರಬಾರದೆಂಬ ಫಲಕದ ಕೆಳಗೇ ಕೂತು ಹೆಂಡತಿ ಕಟ್ಟಿಕೊಟ್ಟ ಅನ್ನದುಂಡೆಯನ್ನು ಗೋಡೆಯ ಕಡೆ ಮುಖಮಾಡಿ ತಿನ್ನುತ್ತಾರೆ. ಹಕೊನೆಯ ಒವಾಕುದಾನಿಯ ಗಂಧಕದ ಬುಗ್ಗೆಯಲ್ಲಿ ಬೇಯಿಸಿದ ಕರಿಮೊಟ್ಟೆ ಒಂದು ತಿಂದರೆ ಏಳು ವರ್ಷ ಆಯಸ್ಸು ಹೆಚ್ಚುತ್ತದೆಂಬ ನಂಬಿಕೆಯಿದೆ. ಅದನ್ನೂ ಕೊಳ್ಳುವುದಿಲ್ಲ. “ಏಳು ವರ್ಷದ ಖರ್ಚು ಯಾರು ನೋಡಿಕೊಳ್ಳುತ್ತಾರೆ?” ದುಂದು ಅಂದರೆ ಒಂದೇ: ಕೊನೆಯ ಮುಳುಗಿನ ನಂತರ ಗಾಜಿನ ಬಾಟಲಿಯ ತಣ್ಣನೆಯ ಹಾಲು. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಬಾಟಲಿ, ಒಂದೇ ಗುಟುಕು.

ರೂಮಿನವರ ಮೇಲೆ ಅವರಿಗೆ ಕನಿಕರ. “ಅವರು ಬರುವುದು ರಾತ್ರಿಯೂಟಕ್ಕೆ. ತಿಂದು ಮಲಗುತ್ತಾರೆ. ನೀರು ಯಾರಿಗೆ ಬೇಕಾಗಿದೆ?” ಮೂರು ಗಂಟೆಗೆ ಸೂಟ್‌ಕೇಸು ಎಳೆಯುತ್ತ ಅವರು ಒಳಗೆ ಬರುವಾಗ, ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ ಅಜ್ಜ ಬಾಗಿಲಲ್ಲಿ ನಿಂತು, “ಇವತ್ತು ನೀರು ಪರವಾಗಿಲ್ಲ,” ಎಂದು ಅಪ್ಪಣೆ ಕೊಡಿಸುತ್ತಾರೆ. ಹೋಟೆಲು ಅವರದೇ ಇರಬೇಕೆಂದು ಹೊಸಬರು ಬಗ್ಗಿ ನಮಸ್ಕರಿಸುತ್ತಾರೆ.

ನೀವು ಹಕೊನೆಗೆ ಹೋದರೆ ರೂಮಿಗೆ ದುಡ್ಡು ಸುರಿಯಬೇಡಿ. ಹಗಲ ಟಿಕೆಟ್ ತೆಗೆದುಕೊಂಡು ಇಂಥ ಅಜ್ಜನೊಬ್ಬರ ಪಕ್ಕದ ಸ್ಟೂಲು ಹಿಡಿಯಿರಿ. ಹಾಲಿನ ಬಾಟಲಿಗೆ ಮಾತ್ರ ಎರಡು ಪಾಲು ಚಿಲ್ಲರೆ ಇಟ್ಟುಕೊಂಡಿರಿ, ಅವತ್ತು ಕೊಡಿಸುವವರು ನೀವೇ.