ತಾಳಿ, ಸ್ಕ್ರಿಪ್ಟ್ ಇದೆ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೊಕ್ಕರೂ ಒಬ್ಬ ಸ್ಕ್ರಿಪ್ಟಣ್ಣ ಸಿಕ್ಕೇ ಸಿಗುತ್ತಾನೆ. ಐವತ್ತು ಫೈಲುಗಳ ಹೆಸರು ಬದಲಿಸಬೇಕಲ್ಲಪ್ಪಾ ಅಂತ ನೀವು ನಿಟ್ಟುಸಿರು ಬಿಟ್ಟರೆ ಸಾಕು, ಕುರ್ಚಿ ಉರುಳಿಸಿಕೊಂಡು ಪಕ್ಕಕ್ಕೆ ಬಂದಿರುತ್ತಾನೆ. "ಕೈಯಲ್ಲಿ ಮಾಡ್ತೀರಾ ಮೇಡಂ? ತಾಳಿ, ನನ್ನ ಹತ್ರ ಸ್ಕ್ರಿಪ್ಟ್ ಇದೆ." ಕೈಯಲ್ಲಾದರೆ ಕಾಲು ಗಂಟೆಯ ಕೆಲಸ. ಸ್ಕ್ರಿಪ್ಟು ಪೈಥಾನ್ 2ರ ಕಾಲದ್ದು, ನಿಮ್ಮ ಕಂಪ್ಯೂಟರಿನಲ್ಲಿರುವುದು ಪೈಥಾನ್ 3. ಒಂದೊಂದು ಪ್ರಿಂಟ್‌ಗೂ ಅವನು ಬ್ರಾಕೆಟ್ ತೊಡಿಸಿ ಮುಗಿಸುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಊಟ ಖಾಲಿ.

ಅವನ ಆಸ್ತಿಯೆಲ್ಲ 'ಚಿಲ್ಲರೆ' ಎಂಬ ಫೋಲ್ಡರಿನಲ್ಲಿದೆ. ರೀನೇಮ್, ರೀನೇಮ್2, ರೀನೇಮ್_ಫೈನಲ್, ರೀನೇಮ್_ಇದೇಫೈನಲ್. ಯಾವುದು ಓಡುತ್ತದೆಂಬುದು ಅವನೊಬ್ಬನಿಗೇ ಗೊತ್ತು, ಅದೂ ಓಡಿಸಿ ನೋಡಿದ ಮೇಲೆ.

ಸೋಮಾರಿ ಅಂದರೆ ಅವನಿಗೆ ಬೇಜಾರಿಲ್ಲ. 1987ರಲ್ಲಿ ಪರ್ಲ್ ಭಾಷೆಯನ್ನು ಹೊರತಂದ ಲ್ಯಾರಿ ವಾಲ್, ಪ್ರೋಗ್ರಾಮರನ ಮಹಾಗುಣಗಳು ಮೂರು ಎಂದಿದ್ದಾರಂತಲ್ಲ: ಸೋಮಾರಿತನ, ತಾಳ್ಮೆಗೇಡಿತನ, ಅಹಂಕಾರ. ಮೂರನೆಯದರಲ್ಲಿ ನಮ್ಮವನಿಗೆ ಡಿಸ್ಟಿಂಕ್ಷನ್. "ಚಿಲ್ಲರೆ ಅಂತ ನಗಬೇಡಿ ಸಾರ್. 2016ರ ಮಾರ್ಚ್‌ನಲ್ಲಿ ಒಬ್ಬ ಸಿಟ್ಟು ಬಂದು ಲೆಫ್ಟ್‌ಪ್ಯಾಡ್ ಅನ್ನೋ ತನ್ನ ಕೋಡನ್ನ ನೆಟ್ಟಿನಿಂದ ತೆಗೆದುಹಾಕಿದ. ಬರೀ 11 ಸಾಲು! ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬೋದಷ್ಟೇ ಅದರ ಕೆಲಸ. ಅದನ್ನ ನೆಚ್ಚಿಕೊಂಡಿದ್ದ ಪ್ರಪಂಚದ ಸಾವಿರಾರು ಪ್ರಾಜೆಕ್ಟು ಮಗುಚಿಕೊಂಡವು." ಹೇಳುವಾಗ ಅವನ ಕಣ್ಣಲ್ಲೊಂದು ಹೊಳಪು. ಆ ಸಿಟ್ಟು ತನಗೂ ಒಂದು ದಿನ ಬಂದೀತು ಎಂಬ ಸೂಚನೆ ಅದರಲ್ಲಿದೆಯೇನೋ.

ಆಫೀಸು ಬಿಟ್ಟರೆ ಅಪಾರ್ಟ್‌ಮೆಂಟ್. ರಾಜ್ಯೋತ್ಸವದ ಆಮಂತ್ರಣವನ್ನು ಹಿರಿಯರೊಬ್ಬರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ವಾಟ್ಸ್ಯಾಪಿಗೆ ಹಾಕಲು ಯೂನಿಕೋಡ್ ಬೇಕು. ಸ್ಕ್ರಿಪ್ಟಣ್ಣ ರಾತ್ರಿ ಕೂತು ಅಕ್ಷರಕ್ಕಕ್ಷರ ಹೊಂದಿಸಿದ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ಹಿಂದೆ ಕೂರುತ್ತದೆ, ಯೂನಿಕೋಡಿನಲ್ಲಿ ಮುಂಚೆಯೇ ಬರಬೇಕು. ಬೆಳಿಗ್ಗೆ ಇನ್ನೂರು ಮನೆಯ ಗುಂಪಿನಲ್ಲಿ 'ಕಾಯರ್ಕ್ರಮ'ದ ವಿವರ ಬಂತು, ಕೆಳಗೆ ಸಂಘದ 'ಕಾಯರ್ದಶಿರ್'ಯ ವಂದನೆಗಳು. ಕಾರ್ಯದರ್ಶಿಗಳು ಫೋನ್ ಮಾಡಿ, "ಏನಪ್ಪಾ, ನನ್ನನ್ನ ತಮಿಳುನಾಡಿಗೆ ಕಳಿಸಿಬಿಟ್ಟೆಯಲ್ಲ" ಅಂದರು. "ಶೇಕಡಾ ತೊಂಬತ್ತೈದು ಸರಿ ಇದೆಯಲ್ಲ ಅಂಕಲ್" ಅಂದ ಇವನು.

ಅವನ ಮೇರುಕೃತಿ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ತಾನಾಗಿ ಎದ್ದು, ನಾಲ್ಕು ಕಡೆಯ ಲೆಕ್ಕ ಸೇರಿಸಿ, ಮ್ಯಾನೇಜರುಗಳಿಗೆಲ್ಲ ಮೇಲ್ ಕಳಿಸುವ ರಿಪೋರ್ಟು. ಅದು ಓಡುವುದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಫೈಲುಗಳ ದಾರಿಯಲ್ಲೆಲ್ಲ ಅವನದೇ ಹೆಸರು ಕೆತ್ತಿದೆ. ತಂಗಿಯ ಮದುವೆಗೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಮುಚ್ಚಿ ಹೋದ. ಧಾರೆಯ ಹೊತ್ತಿನಲ್ಲಿ ನೆನಪಾಗಿ ಮೈ ಬೆವರಿತು. ಊಟಕ್ಕೆ ಕೂತರೂ ಹೋಳಿಗೆ ಇಳಿಯಲಿಲ್ಲ. ಎಂಟು ದಿನ ರಿಪೋರ್ಟಿಲ್ಲದೆ ಆಫೀಸು ಏನಾಗಿದೆಯೋ!

ಸೋಮವಾರ ಅಳುಕುತ್ತಲೇ ಒಳಗೆ ಬಂದ. ಏನೂ ಆಗಿರಲಿಲ್ಲ. ರಿಪೋರ್ಟ್ ಬರಲಿಲ್ಲವೆಂದು ಒಬ್ಬರೂ ಕೇಳಿರಲಿಲ್ಲ. ಮ್ಯಾನೇಜರ್ ಕೈಕುಲುಕಿ, ಮದುವೆ ಊಟ ಹೇಗಿತ್ತು ಅಂತ ವಿಚಾರಿಸಿದರು.

ಮಧ್ಯಾಹ್ನದವರೆಗೆ ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಹೊಸ ಫೈಲ್ ತೆರೆದ: ರಿಪೋರ್ಟನ್ನು ಯಾರ್‍ಯಾರು ತೆರೆದು ನೋಡುತ್ತಾರೆಂದು ಪ್ರತಿದಿನ ಎಣಿಸಿ, ಮ್ಯಾನೇಜರುಗಳಿಗೆಲ್ಲ ಮೇಲ್ ಕಳಿಸುವ ಸ್ಕ್ರಿಪ್ಟು.